ಟ್ರಿಪ್ ಮಾವ

ಡಿಸೆಂಬರ್ ಬಂದರೂ ಮಂಗಳೂರಿಗೆ ಚಳಿ ಬರುವುದಿಲ್ಲ. ಬೆಳಗಿನ ಜಾವ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸಿದರೆ ಅದೇ ನಮ್ಮ ಚಳಿಗಾಲ. ಹಾಗಿದ್ದರೂ ಪ್ರತಿ ಕುಟುಂಬದಲ್ಲಿ ಒಬ್ಬರ ಕಪಾಟಿನಲ್ಲಿ ಸ್ವೆಟರ್, ಮಫ್ಲರ್, ಮಂಕಿ ಕ್ಯಾಪ್ ಮೂರೂ ಇರುತ್ತವೆ. ಅವರೇ ಟ್ರಿಪ್ ಮಾವ. ಯಾರ ಕಡೆಯಿಂದ ಮಾವ ಎಂದು ಕೇಳಬೇಡಿ, ಎಲ್ಲರಿಗೂ ಮಾವ. ಹೆಚ್ಚಾಗಿ ಬ್ಯಾಂಕಿನಿಂದ ನಿವೃತ್ತರಾದವರು. ಬ್ಯಾಂಕು ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾಗಿದೆ, ಇವರ ಮ್ಯಾನೇಜರಿಕೆ ಇನ್ನೂ ಆಗಿಲ್ಲ.

“ಈ ಭಾನುವಾರ ಕುದುರೆಮುಖ, ಹೊರನಾಡು ಹೋಗಿ ಬರುವ. ಐದು ಅಂದ್ರೆ ಐದಕ್ಕೇ ಹೊರಡ್ಬೇಕು. ಲೇಟಾದ್ರೆ ಮಂಜು ಸಿಗುದಿಲ್ಲ ಮಾರಾಯ್ರೆ!”

ಐದಕ್ಕೆ ಟೆಂಪೋ ಟ್ರಾವೆಲರ್ ಬಂತು, ಅತ್ತೆ ಬರಲಿಲ್ಲ. ಹೋಟೆಲಿನ ತಿಂಡಿ ಮಾವನಿಗೆ ಆಗುವುದಿಲ್ಲವಾದ್ದರಿಂದ ಅತ್ತೆ ನಡುರಾತ್ರಿಯೇ ಎದ್ದು ಬನ್ಸ್ ಕರಿಯುತ್ತಿದ್ದರು. ಗೇಟಿನಲ್ಲಿ ನಿಂತು ವಾಚು ತಟ್ಟುವ ಮಾವನಿಗೆ ಒಳಗಿನಿಂದ ಉತ್ತರ ಬಂತು: “ಅಷ್ಟು ಅರ್ಜೆಂಟ್ ಇದ್ರೆ ನೀವು ಮುಂದೆ ಹೋಗಿ. ಬನ್ಸ್ ನನ್ನೊಟ್ಟಿಗೆ ಬರ್ತದೆ.” ಮಾವ ಹೋಗಲಿಲ್ಲ.

ಗುರುಪುರ, ಮೂಡುಬಿದಿರೆ, ಕಾರ್ಕಳ ಕಳೆದು ಬಜಗೋಳಿ ದಾಟುವಾಗ ಬಿಸಿಲು ಬಂದಿತ್ತು. ಮಾಳದ ಚೆಕ್‌ಪೋಸ್ಟಿನಲ್ಲಿ ಅರಣ್ಯ ಇಲಾಖೆಯವರು ಗಾಡಿಯ ನಂಬರು, ಗಂಟೆ ಬರೆದು ಚೀಟಿ ಕೊಟ್ಟರು. ಇಲ್ಲಿಂದ ರಾಷ್ಟ್ರೀಯ ಉದ್ಯಾನ: ಕಂಡಕಂಡಲ್ಲಿ ನಿಲ್ಲಿಸಬಾರದು, ಪ್ಲಾಸ್ಟಿಕ್ ಎಸೆಯಬಾರದು, ಹೇಳಿದ ಹೊತ್ತಿನೊಳಗೆ ಆಚೆಯ ಗೇಟು ದಾಟಬೇಕು. ಬೇರೆಯವರಿಗೆ ಇದು ಕಿರಿಕಿರಿ. ಮಾವನ ಮುಖ ಮಾತ್ರ ಅರಳಿತು. ಮದುವೆಯಾದಂದಿನಿಂದ ತಾನು ಮನೆಯವರಿಗೆ ಹೇಳುತ್ತಾ ಬಂದದ್ದನ್ನೇ ಇವತ್ತು ಸರಕಾರ ಬರವಣಿಗೆಯಲ್ಲಿ ಕೊಟ್ಟಿದೆ! ಚೀಟಿಯನ್ನು ಎರಡು ಮಡಿಕೆ ಮಾಡಿ ಕನ್ನಡಕದ ಗೂಡಿಗೆ ಸೇರಿಸಿ, ಪ್ರತಿ ತಿರುವಿಗೊಮ್ಮೆ ತೆಗೆದು ಓದಿದರು.

ತಿರುವುಗಳಲ್ಲಿ ಸಣ್ಣವನು ವಾಂತಿ ಮಾಡಿದ. “ಹೊಟ್ಟೆ ಖಾಲಿ ಇದ್ರೆ ಹಾಗೆಯೇ” ಎಂದರು ಮಾವ. ಇಳಿಯುವಾಗ ಮತ್ತೆ ಮಾಡಿದ. “ಹೊಟ್ಟೆ ತುಂಬ ತಿಂದ್ರೆ ಹಾಗೆಯೇ.” ಎರಡು ಸಲವೂ ನಿಂಬೆಹಣ್ಣು ಮೂಸಿದ್ದು ಮಾವನೇ.

ಎಸ್.ಕೆ. ಬಾರ್ಡರ್ ಹತ್ತಿರ ಮಂಜು ಸಿಕ್ಕಿತು, ಬೇಕಾದ್ದಕ್ಕಿಂತ ಹೆಚ್ಚೇ. ಶೋಲಾ ಕಾಡೂ ಇಲ್ಲ, ಹುಲ್ಲುಗುಡ್ಡವೂ ಇಲ್ಲ, ಬಾನೆಟ್ಟಿನಾಚೆ ಬರೀ ಬಿಳಿ. ಮಾವ ಕಿಟಕಿಯಿಂದ ಬೆರಳು ಚಾಚಿ, “ನೋಡಿ ಮಕ್ಕಳೇ, ಅದೇ ಕುದುರೆಯ ಮುಖ. ಆರು ಸಾವಿರ ಅಡಿಗಿಂತ ಮೇಲುಂಟು!” ಎಂದರು. ಡ್ರೈವರ್ ಮೆಲ್ಲಗೆ, “ಆ ಬದಿಯಲ್ಲಿ ಅಲ್ಲ ಸರ್” ಎಂದ. ಮಕ್ಕಳು ಆಗಲೇ ಫೋಟೋ ತೆಗೆದಾಗಿತ್ತು.

ಕುದುರೆಮುಖ ಪೇಟೆಯಲ್ಲಿ ಭಾಷಣ. “ಇಲ್ಲಿಯ ಅದಿರನ್ನು ಪುಡಿ ಮಾಡಿ, ನೀರಲ್ಲಿ ಕಲಸಿ, ಪೈಪಿನಲ್ಲಿ ನಮ್ಮ ಪಣಂಬೂರಿಗೆ ಕಳಿಸ್ತಿದ್ರು, ಗೊತ್ತುಂಟಾ? 67 ಕಿಲೋಮೀಟರ್! ದಾರಿಯಲ್ಲಿ ಎಲ್ಲಿಯೂ ನಿಲ್ಲಿಕ್ಕಿಲ್ಲ!”

“ಅದಿರಿಗೆ ಚಾ ಬೇಡ ಅಲ್ವಾ” ಎಂದರು ಅತ್ತೆ, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ.

ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಅಂದಿನಿಂದ ಖಾಲಿ ಬಿದ್ದ ಕ್ವಾರ್ಟರ್ಸುಗಳನ್ನು ನೋಡಿದರೆ ಯಾರಿಗಾದರೂ ಒಂದು ಕ್ಷಣ ಬಾಯಿ ಕಟ್ಟುತ್ತದೆ. ಮಾವ ಅಲ್ಲಿ ಬಾಡಿಗೆ ಎಷ್ಟು ಬರುತ್ತಿತ್ತೆಂದು ಲೆಕ್ಕ ಹಾಕುತ್ತಿದ್ದರು.

ಹೊರನಾಡಿನಲ್ಲಿ ಮಾವನ ಚಳಿಗಾಲ ಮುಗಿಯಿತು. ಗಂಡಸರು ಅಂಗಿ ತೆಗೆದು ದೇವಸ್ಥಾನದ ಒಳಗೆ ಹೋಗಬೇಕು. ಮಂಕಿ ಕ್ಯಾಪ್, ಮಫ್ಲರ್, ಸ್ವೆಟರ್, ಅಂಗಿ, ಬನಿಯನ್, ಅದರೊಳಗೆ ಇನ್ನೊಂದು ಬನಿಯನ್ ಒಂದೊಂದಾಗಿ ಅತ್ತೆಯ ತೋಳಿಗೆ ಬಂದವು. ಕೊನೆಗೆ ಉಳಿದ ಮಾವ ನಾವು ಬಲ್ಲ ಮಾವನ ಅರ್ಧವೇ ಇದ್ದರು. ಅನ್ನಪೂರ್ಣೇಶ್ವರಿಯ ಊಟಕ್ಕೆ ಕೂತಾಗ ಮಾತ್ರ ಅವರು ವಾಚು ನೋಡಲಿಲ್ಲ. ಪಾಯಸ ಎರಡನೇ ಸಲ ಬಂದು ಹೋದ ಮೇಲೆಯೇ ನೆನಪಾದದ್ದು: “ಏಳಿ, ಏಳಿ! ಕತ್ತಲಾಗುವ ಮೊದಲು ಘಟ್ಟ ಇಳಿಯಬೇಕು!”

ಮರಳುವಾಗ ಮಂಜು ಪೂರಾ ಹರಿದಿತ್ತು. ಗುಡ್ಡದ ಮೇಲೆ ಗುಡ್ಡ, ಅವುಗಳ ಸಂದಿನಲ್ಲಿ ಕಪ್ಪು ಕಾಡು, ಇಡೀ ಗಾಡಿ ಕಿಟಕಿಗೆ ಅಂಟಿಕೊಂಡಿತ್ತು. ಮಾವ ಗೊರಕೆ ಹೊಡೆಯುತ್ತಿದ್ದರು. ಮೂಡುಬಿದಿರೆಯಲ್ಲಿ ಎಚ್ಚರವಾಗಿ, ಡೀಸೆಲ್, ಡ್ರೈವರ್ ಬಾಟಾ ಎಲ್ಲ ಕೂಡಿಸಿ ತಲೆಗೆಷ್ಟೆಂದು ಘೋಷಿಸಿದರು. ಮಕ್ಕಳಿಗೆ ಅರ್ಧ. ವಾಂತಿಗೆ ರಿಯಾಯಿತಿ ಇಲ್ಲ.

ನಿಮ್ಮ ಮನೆಯ ಮಾವನೂ ಈ ವಾರ ಫೋನ್ ಮಾಡಬಹುದು. ಹೋಗಿ ಬನ್ನಿ, ಅವರಿಲ್ಲದಿದ್ದರೆ ನಾವ್ಯಾರೂ ಮಂಗಳೂರಿನ ಕುಲಶೇಖರ ದಾಟುವವರಲ್ಲ. ಕೊನೆಯ ಸೀಟು ಮಾತ್ರ ಒಪ್ಪಿಕೊಳ್ಳಬೇಡಿ. ಖಾಲಿ ಪಾತ್ರೆಗಳನ್ನು ಮಡಿಲಲ್ಲಿ ಹಿಡಿದುಕೊಳ್ಳಬೇಕಾದವರು ಅಲ್ಲಿ ಕೂತವರೇ.