ಅಮೃತಾಪುರದ ಇರುಳು ಮತ್ತು ಲಿಥಿಯಂ ವಿಚಾರ

ಅಮೃತೇಶ್ವರ ದಂಡನಾಯಕನು 1196ರಲ್ಲಿ ಅಮೃತಾಪುರದ ದೇವಾಲಯವನ್ನು ಕಟ್ಟಿಸಿದಾಗ ದೀಪಕ್ಕೆ ಎಣ್ಣೆ, ಬತ್ತಿಗಳು ಸಾಕಾಗಿದ್ದವು. ಅವುಗಳ ವಾರಂಟಿ ಕಾರ್ಡನ್ನು ಯಾರೂ ಕೇಳುತ್ತಿರಲಿಲ್ಲ. ಇಂದಿನ ಗೃಹಸ್ಥನಾದರೋ ಆಂಪಿಯರ್-ಅವರ್ ಎಂಬ ಬ್ಯಾಟರಿ ಸಾಮರ್ಥ್ಯದ ಮಾನವನ್ನು ಕಲಿಯದೆ ನೆಮ್ಮದಿಯಿಂದ ಊಟಕ್ಕೂ ಕೂರಲಾರನು. 12.8 ವೋಲ್ಟಿನ, 100 ಆಂಪಿಯರ್-ಅವರ್‌ನ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ವ್ಯಾಟ್-ಅವರ್ ಶಕ್ತಿಯಿದ್ದು, ಅದರ ಬಹುಪಾಲನ್ನು ನಿಶ್ಚಿಂತೆಯಿಂದ ಬಳಸಬಹುದು. ಸೀಸ-ಆಮ್ಲ ಬ್ಯಾಟರಿಯು ಅರ್ಧ ಖಾಲಿಯಾಗುವಷ್ಟರಲ್ಲೇ ಹಿರಿಯ ಸೋದರತ್ತೆಯಂತೆ ಮುನಿಯುವುದಲ್ಲದೆ, ಕಾಲಕಾಲಕ್ಕೆ ಶುದ್ಧ ನೀರಿನ ಉಪಚಾರವನ್ನೂ ನಿರೀಕ್ಷಿಸುತ್ತದೆ. ಆದರೆ ಹಳೆಯ ಇನ್ವರ್ಟರಿಗೆ ಲಿಥಿಯಂ ಜೋಡಿಸಲು ಹೊರಟವರು, ಸೀಸ-ಆಮ್ಲಕ್ಕೆ ಹಿತವಾದ ಹೆಚ್ಚಿನ ವೋಲ್ಟೇಜಿನ ಈಕ್ವಲೈಸೇಷನ್ ಚಾರ್ಜಿಂಗು ಲಿಥಿಯಂಗೆ ಒಗ್ಗದೆಂಬುದನ್ನೂ, ಆಗ ಬಿಎಂಎಸ್ ಎಂಬ ಒಳಗಿನ ರಕ್ಷಣಾ ವ್ಯವಸ್ಥೆಯು ಸಂಪರ್ಕವನ್ನೇ ಕಡಿಯಬಹುದೆಂಬುದನ್ನೂ ಅರಿತಿರಬೇಕು. ಇದಕ್ಕಿಂತ ಸೊಗಸಾದ ವಿಡಂಬನೆಯೆಂದರೆ, ಗ್ರಿಡ್‌ಗೆ ಮಾತ್ರ ಜೋಡಿಸಿದ ಸಾಮಾನ್ಯ ಸೌರ ಇನ್ವರ್ಟರು, ಕಂಬವೇರಿದ ಲೈನ್‌ಮನ್‌ಗೆ ಅಪಾಯವಾಗದಿರಲೆಂದು, ಮೆಸ್ಕಾಂ ಎಂಬ ವಿದ್ಯುತ್ ಕಂಪನಿಯ ಕರೆಂಟು ಹೋದೊಡನೆ ಸುಡುಬಿಸಿಲಿನಲ್ಲೂ ಕೆಲಸ ನಿಲ್ಲಿಸಿ, ಮಾಡಿನ ತುಂಬ ಫಲಕ ಹಾಸಿದ ಮನೆಯೊಡೆಯನ ಕೈಗೆ ಬೀಸಣಿಗೆ ಕೊಡುವುದು. ಆದುದರಿಂದಲೇ ಬ್ಯಾಟರಿ, ಫಲಕ, ಗ್ರಿಡ್ ಮೂರನ್ನೂ ನಿಭಾಯಿಸುವ ಹೈಬ್ರಿಡ್ ಇನ್ವರ್ಟರು ಬೇಕಾಗುತ್ತದೆ. ಅಡಿಕೆ ತೋಟದ ಪಂಪನ್ನೂ ಇದಕ್ಕೇ ಹೊರಿಸುವ ಆಸೆಯಿದ್ದವರು, ಒಂದು ಅಶ್ವಶಕ್ತಿಯೆಂದರೆ 746 ವ್ಯಾಟೇ ಆದರೂ, ಮೋಟಾರು ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು ಕೇಳುತ್ತದೆಂಬುದನ್ನು ಅಂಗಡಿಯಾತ ಹೇಳದಿದ್ದರೂ ತಾವಾಗಿಯೇ ಕೇಳುವುದು ಲೇಸು.