ಒಂಬತ್ತು ಪಾಯಿಂಟ್ ಎಂಬತ್ತೇಳು

ವಯಸ್ಸಾಗಲಿ ಎಂದು ಕಾದು ಕೂರುವ ಜನ ಲೋಕದಲ್ಲಿ ಎರಡೇ ಬಗೆ. ಓಟು ಹಾಕುವ ಆಸೆಯ ಹದಿನೇಳರ ಹುಡುಗರು ಒಂದು, ಐವತ್ತೊಂಬತ್ತು ದಾಟುತ್ತಿರುವ ಭಾನುವಾರದ ಓಟಗಾರರು ಇನ್ನೊಂದು. ಮಿಕ್ಕವರಿಗೆ ಅರವತ್ತೆಂದರೆ ಷಷ್ಟ್ಯಬ್ದಿ ಶಾಂತಿ, ಬ್ಯಾಂಕಿನಲ್ಲಿ ಹಿರಿಯ ನಾಗರಿಕರ ಬಡ್ಡಿ. ಓಟಗಾರನಿಗೆ ಅದು ಬಡ್ತಿ. ನಿನ್ನೆಯವರೆಗೆ ಐವತ್ತೈದರ ಹುರಿಯಾಳುಗಳ ಜೊತೆ ಏಗುತ್ತಿದ್ದವನು ಬೆಳಗಾಗುವುದರೊಳಗೆ ಹೊಸ ವಯೋವರ್ಗಕ್ಕೆ ಕಾಲಿಡುತ್ತಾನೆ, ಅಲ್ಲಿ ಅವನೇ ಎಲ್ಲರಿಗಿಂತ ಚಿಕ್ಕವನು! 1897ರಿಂದ ನಡೆದು ಬಂದಿರುವ, ಬಿಗುಮಾನಕ್ಕೆ ಹೆಸರಾದ ಬಾಸ್ಟನ್ ಮ್ಯಾರಥಾನ್ ಕೂಡ ವಯಸ್ಸು ಏರಿದ ಹಾಗೆಲ್ಲ ಅರ್ಹತೆಯ ಸಮಯವನ್ನು ಸಡಿಲಿಸುತ್ತ ಹೋಗುತ್ತದೆ. ಐವತ್ತು ತುಂಬಿದ ದಿನ ಐವತ್ತು ಕಿಲೋಮೀಟರ್ ಓಡಿ, ಕೇಕಿನ ಮುಂದೆ ಕೂರಲೂ ಆಗದೆ ನಿಲ್ಲಲೂ ಆಗದೆ ಫೋಟೊ ತೆಗೆಸಿಕೊಂಡವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ.

ಇವರನ್ನು ನೋಡಬೇಕೆಂದರೆ ಭಾನುವಾರ ಬೆಳಗ್ಗೆ ಲಾಲ್‌ಬಾಗಿನ ಬಂಡೆಯ ಬುಡಕ್ಕೆ ಹೋಗಬೇಕು. ಸುಮಾರು 300 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಆ ಕಲ್ಲಿಗೆ ಒರಗಿ ಮೀನಖಂಡ ಎಳೆದುಕೊಳ್ಳುತ್ತ, ‘ಈಚೆಗೆ ರಿಕವರಿ ನಿಧಾನ ಆಗ್ತಿದೆ ಕಣ್ರೀ’ ಎನ್ನುತ್ತಿರುತ್ತಾರೆ. ಇವರ ಮಾತಿನಲ್ಲಿ ಓಟ ಎಲ್ಲಿ ಮುಗಿಯಿತು, ಸಂಸಾರ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಒಬ್ಬನಿಗೆ ಮುಂಬೈನ ಪೆಡ್ಡರ್ ರಸ್ತೆಯ ಏರಿನಲ್ಲಿ ತೊಡೆ ಹಿಡಿದುಕೊಂಡಿದೆ, ಮಗಳಿಗೆ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದಿದೆ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಅಭಿನಂದನೆ ಯಾವುದಕ್ಕೆ, ಸಮಾಧಾನ ಯಾವುದಕ್ಕೆ ಎಂಬುದನ್ನು ಕೇಳುವವರೇ ವಿಂಗಡಿಸಿಕೊಳ್ಳಬೇಕು. ಇನ್ನೊಬ್ಬ ಮಗನ ಮದುವೆಯ ತಾರೀಖು ಗೊತ್ತು ಮಾಡುವಾಗ ಬೀಗರ ಎದುರಿಗೆ ಮೊಬೈಲ್ ತೆಗೆದು, ಶ್ರೀರಂಗಪಟ್ಟಣದ ಕಾಲುವೆ ದಂಡೆಯ ಕಾವೇರಿ ಟ್ರೇಲ್ ಓಟ ಯಾವ ಭಾನುವಾರ ಎಂದು ನೋಡಿದವನು. ಬೀಗರು ಅವನು ಪಂಚಾಂಗ ನೋಡುತ್ತಿದ್ದಾನೆಂದು ತಿಳಿದು ಮೆಚ್ಚಿಕೊಂಡರು.

ಸಂಸಾರಕ್ಕೂ ಓಟಕ್ಕೂ ಗಂಟುಬಿದ್ದದ್ದು ಇವರ ಕಾಲದಲ್ಲೇನಲ್ಲ. ಮ್ಯಾರಥಾನ್ 42.195 ಕಿಲೋಮೀಟರ್ ಆದದ್ದೇ ಒಂದು ಮನೆತನದಿಂದ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅದು ನಲವತ್ತರ ಆಸುಪಾಸಿನಲ್ಲಿತ್ತು. 1908ರ ಲಂಡನ್ ಕೂಟದಲ್ಲಿ ವಿಂಡ್ಸರ್ ಅರಮನೆಯ ಅಂಗಳದಿಂದ ಓಟ ಹೊರಟಿತು, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತಿದ್ದ ಕಟ್ಟೆಯ ಮುಂದೆ ಮುಗಿಯಿತು. 1921ರಲ್ಲಿ ಅದೇ ಅಳತೆ ಕಾಯಂ ಆಯಿತು. ದೊರೆಯ ಮನೆಮಂದಿ ಕೂತಲ್ಲಿಂದ ಏಳಬಾರದೆಂದು ಇಡೀ ಪ್ರಪಂಚ ಕೊನೆಯ ಆ ನೂರಾ ತೊಂಬತ್ತೈದು ಮೀಟರನ್ನು ಇವತ್ತಿಗೂ ಏದುಸಿರು ಬಿಡುತ್ತ ಓಡುತ್ತಿದೆ.

ಈ ಪಂಗಡದ ಒಬ್ಬ ಸದಸ್ಯನ ಕಥೆಯನ್ನು ಇಲ್ಲಿ ಹೇಳಲೇಬೇಕು. ಹೆಸರು ಬೇಡ. ಬಸವನಗುಡಿ ಕಡೆಯವನು, ಐವತ್ತೆಂಟು ಮುಗಿದವನು, ಈ ಲೇಖಕನಿಗೆ ತೀರ ಹತ್ತಿರದವನು. ಎಷ್ಟು ಹತ್ತಿರವೆಂದರೆ ಇಬ್ಬರ ಆಧಾರ್ ಸಂಖ್ಯೆಯೂ ಒಂದೇ.

ಅಂದು ಅವನ ಹೆಂಡತಿಯ ತಂಗಿಯ ಮೊಮ್ಮಗಳಿಗೆ ತುಮಕೂರಿನಲ್ಲಿ ನಾಮಕರಣ. ಏಳು ಗಂಟೆಗೆ ಮನೆ ಬಿಡುವುದೆಂದು ಮಾತು. ಲಾಲ್‌ಬಾಗಿನಲ್ಲಿ ಹತ್ತು ಕಿಲೋಮೀಟರ್ ಮುಗಿಸಿ, ಸ್ನಾನ ಮಾಡಿ, ಪಂಚೆ ಉಟ್ಟು ಹೊರಡಲು ಧಾರಾಳವಾಗಿ ಸಮಯವಿದೆಯೆಂದು ಅವನ ಲೆಕ್ಕ. ಓಡುತ್ತ ಮನೆಯ ಗೇಟಿಗೆ ಬಂದು ಮುಟ್ಟಿದಾಗ ಕಾರು ಆಗಲೇ ಹೊರಗೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ, ತೊಡೆಯ ಮೇಲೆ ಬೆಳ್ಳಿ ತಟ್ಟೆ, ತಟ್ಟೆಯಲ್ಲಿ ಬೆಳ್ಳಿ ಉಡಿದಾರ. ಹೆಂಡತಿ ಮೈಸೂರು ಸಿಲ್ಕ್ ಉಟ್ಟು ಬಾಗಿಲಿಗೆ ಬೀಗ ಹಾಕುತ್ತಿದ್ದಳು. ಅವನು ಮಣಿಕಟ್ಟಿನ ಜಿಪಿಎಸ್ ಗಡಿಯಾರ ನೋಡಿಕೊಂಡ. 9.87.

ಓಡದವರಿಗೆ ಇದು ಅರ್ಥವಾಗುವುದಿಲ್ಲ. ನೂರಾ ಮೂವತ್ತು ಮೀಟರ್ ಕಮ್ಮಿ. ಹಾಗೇ ಬಿಟ್ಟರೆ ಓಟದ ಆ್ಯಪಿನಲ್ಲಿ 9.87 ಎಂದು ದಾಖಲಾಗಿ ಶಾಶ್ವತವಾಗಿ ಉಳಿಯುತ್ತದೆ, ಸ್ನೇಹಿತರೆಲ್ಲ ನೋಡುತ್ತಾರೆ, ಯಾರೂ ಏನೂ ಅನ್ನುವುದಿಲ್ಲ, ಆ ಸುಮ್ಮನಿರುವಿಕೆಯನ್ನು ಸಹಿಸುವುದು ಹೇಗೆ? 2000ದ ಮೇ ತಿಂಗಳವರೆಗೆ ಅಮೆರಿಕದವರು ಜನಸಾಮಾನ್ಯರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಬ್ಬು ಮಾಡಿಟ್ಟಿದ್ದರು, ಅದರಿಂದ ನೂರು ಮೀಟರಿನಷ್ಟು ಅತ್ತಿತ್ತ ಆಗುತ್ತಿತ್ತು. ಆ ಮಬ್ಬು ಹಾಗೇ ಇದ್ದಿದ್ದರೆ ಎಷ್ಟೋ ಸಂಸಾರಗಳು ನೆಮ್ಮದಿಯಾಗಿರುತ್ತಿದ್ದವು. ಅವನು ಗೇಟಿನಿಂದ ತಿರುಗಿ ಟ್ರಾನ್ಸ್‌ಫಾರ್ಮರ್ ಕಡೆಗೆ ಓಡಿದ.

ಅದೊಂದು ಮೋಟು ಅಡ್ಡರಸ್ತೆ. ಗೇಟಿನಿಂದ ಟ್ರಾನ್ಸ್‌ಫಾರ್ಮರ್‌ಗೆ ಮೂವತ್ತು ಮೀಟರ್ ಇದ್ದರೆ ಹೆಚ್ಚು. ಹೋದ, ಮುಟ್ಟಿದ, ಬಂದ. 9.91. ಮತ್ತೆ ತಿರುಗಿದ. ರಸ್ತೆಯ ಮೇಲೆ ಬಾಗಿರುವ ಹೊಂಗೆ ಮರದ ಕೆಳಗೆ ಗಡಿಯಾರ ತುಸು ತಬ್ಬಿಬ್ಬಾಗುತ್ತದೆಂದು ಗೊತ್ತಿದ್ದರಿಂದ ಅಲ್ಲಿ ಬಂದಾಗಲೆಲ್ಲ ಎಡಗೈಯನ್ನು ಮುಂದಕ್ಕೆ ಚಾಚಿ, ಕತ್ತು ಬಗ್ಗಿಸಿ ಅದನ್ನೇ ನೋಡುತ್ತಿದ್ದ. ಎದುರು ಮನೆಯ ನಿವೃತ್ತ ಎಂಜಿನಿಯರ್ ಹಾಲಿನ ಪ್ಯಾಕೆಟ್ ಹಿಡಿದು ಬಂದವರು ನಿಂತರು. ಕತ್ತು ಬಗ್ಗಿಸಿಕೊಂಡು ರಸ್ತೆಯುದ್ದಕ್ಕೂ ಹೋಗಿ ಬರುತ್ತಿರುವ ಮನುಷ್ಯ, ಬಾಗಿಲಲ್ಲಿ ಸಿಡುಕುತ್ತ ನಿಂತ ಹೆಂಡತಿ, ಸ್ಟಾರ್ಟ್ ಆಗಿ ನಿಂತ ಕಾರು. ಎಂಜಿನಿಯರಿಗೆ ಇಷ್ಟು ಸಾಕಾಯಿತು.

‘ಏನ್ ಸಾರ್, ಬೀಗದ ಕೈ ಬಿತ್ತಾ?’

ಓಡುವವನ ತಲೆ ಓಟದ ತಾಳಕ್ಕೆ ತಾನಾಗಿ ಆಡುತ್ತದೆ. ಅದನ್ನು ಅವರು ಹೌದೆಂದುಕೊಂಡರು. ಪ್ಯಾಕೆಟ್ಟನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟು, ಮೊಬೈಲಿನ ಟಾರ್ಚ್ ಹಾಕಿ, ಚರಂಡಿಯ ಕಲ್ಲುಚಪ್ಪಡಿಯ ಸಂದಿಗೆ ಬಗ್ಗಿದರು. ಹೂವಿನವಳು ಬುಟ್ಟಿ ಇಳಿಸಿದಳು. ಪೇಪರಿನ ಹುಡುಗ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಕಾರಿನ ಕೆಳಗೆ ಹಣಕಿದ. ಮೂಲೆ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವನು ಎಲ್ಲಿಂದಲೋ ಒಂದು ಕಡ್ಡಿ ತಂದು ಎಲೆರಾಶಿ ಕೆದಕತೊಡಗಿದ. ಬೀದಿ ನಾಯಿಯೊಂದು ಮಾತ್ರ ವಿಷಯ ಸರಿಯಾಗಿ ಗ್ರಹಿಸಿ ಅವನ ಜೊತೆಗೇ ಓಡುತ್ತಿತ್ತು.

9.94. ನಿಂತು ವಿವರಿಸಬಹುದಿತ್ತಲ್ಲ ಎಂದು ಕೇಳಬಹುದು. ನಿಂತರೆ ಗಡಿಯಾರ ನಿಲ್ಲುವುದಿಲ್ಲ, ಬೆಳಗಿನಿಂದ ಕಾಪಾಡಿಕೊಂಡು ಬಂದ ಸರಾಸರಿ ವೇಗ ನಿಂತ ಕೂಡಲೇ ಕೆಡುತ್ತದೆ. ಓಡುತ್ತಲೇ ಹೇಳೋಣವೆಂದರೆ ಬಾಯಿಂದ ಹೊರಟದ್ದು ಉಸಿರೇ ಹೊರತು ಮಾತಲ್ಲ. ಕಾರಿನೊಳಗಿಂದ ಅತ್ತೆಯ ದನಿ ಕೇಳಿತು. ‘ಯಾವ ಬೀಗದ ಕೈಯೇ? ಬೀರೂದಾ?’ ಬೀರು ಎಂಬ ಮಾತು ಕಿವಿಗೆ ಬಿದ್ದದ್ದೇ ಹುಡುಕಾಟಕ್ಕೆ ರಭಸ ಬಂತು. ಹೂವಿನವಳು ಸೆರಗು ಸಿಕ್ಕಿಸಿಕೊಂಡಳು. ಹೆಂಡತಿಯ ಕಣ್ಣು ಮಾತ್ರ ಗಂಡನ ಮಣಿಕಟ್ಟಿನ ಮೇಲಿತ್ತು.

‘ಕಳೆದಿರೋದು ಬೀಗದ ಕೈಯಲ್ಲಮ್ಮ, ಇವರ ಬುದ್ಧಿ. ಅದು ಚರಂಡೀಲಿ ಸಿಗಲ್ಲ, ನೀನು ಸುಮ್ನೆ ಕೂತ್ಕೋ.’ ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ, ‘ಬರ್ತೀರೋ ಇಲ್ವೋ? ಅಲ್ಲಿ ಮಗು ಹೆಸರಿಲ್ಲದೆ ಕಾಯ್ತಾ ಇದೆ!’

9.98. 9.99. ಗೇಟಿನ ಮುಂದೆ, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಅವನು ಗುಂಡಿ ಒತ್ತಿದ. 10.00. ಸರಿಯಾಗಿ ಅದೇ ಗಳಿಗೆಗೆ ಚರಂಡಿಯಿಂದ ಎಂಜಿನಿಯರ್ ತಲೆಯೆತ್ತಿ, ‘ಸಿಕ್ತು ಸಾರ್!’ ಎಂದು ಕೂಗಿದರು. ಅವರ ಬೆರಳಿನಲ್ಲಿ ತುಕ್ಕು ಹಿಡಿದ, ಯಾರದೋ, ಯಾವ ಕಾಲದ್ದೋ ಒಂದು ಬೀಗದ ಕೈ. ಬೀದಿಯೇ ಚಪ್ಪಾಳೆ ತಟ್ಟಿತು. ಅಷ್ಟು ಜನರ ಮುಖದಲ್ಲಿ ಅಷ್ಟೊಂದು ಸಂತೋಷ ಕಂಡ ಮೇಲೆ ಬೇರೆ ದಾರಿಯಿರಲಿಲ್ಲ. ಅವನು ಎರಡೂ ಕೈಚಾಚಿ ಇಸಿದುಕೊಂಡ. ಯಾವ ಬೀಗಕ್ಕೂ ಹೊಂದದ ಆ ಕೈ ಈಗ ಅವನ ಮನೆಯಲ್ಲಿ ಓಟದ ಮೆಡಲುಗಳು ತೂಗುವ ಮೊಳೆಯಲ್ಲೇ ನೇತಾಡುತ್ತಿದೆ.

ವಿಚಿತ್ರವೆಂದರೆ, ನಿಜವಾದ ಸ್ಪರ್ಧೆಯ ದಿನ ಇದೇ ಗಡಿಯಾರ ಉಲ್ಟಾ ಹೊಡೆಯುತ್ತದೆ. 2008ರಲ್ಲಿ ಶುರುವಾದ ಬೆಂಗಳೂರಿನ ವಿಶ್ವ 10ಕೆ ಓಟದಲ್ಲಿ ಕೊನೆಯ ಗೆರೆ ದಾಟಿದವರು ಮಣಿಕಟ್ಟು ನೋಡಿಕೊಂಡರೆ 10.2 ಎಂದಿರುತ್ತದೆ, ‘ಆಯೋಜಕರು ಇನ್ನೂರು ಮೀಟರ್ ಜಾಸ್ತಿ ಓಡಿಸಿದರು’ ಎಂದು ದೊಡ್ಡ ತಕರಾರು. ಆಯೋಜಕರ ತಪ್ಪೇನೂ ಇಲ್ಲ. ಪ್ರಮಾಣೀಕೃತ ಮಾರ್ಗವನ್ನು ಅಳೆಯುವುದು ಚಕ್ರದ ಸುತ್ತು ಎಣಿಸುವ ಸಾಧನ ಕಟ್ಟಿದ ಸೈಕಲ್ಲಿನಲ್ಲಿ, ತಿರುವಿನ ಅಂಚಿಗೆ ಒಂದಡಿ ಬಿಟ್ಟು, ಇರುವುದರಲ್ಲೇ ಅತಿ ಹತ್ತಿರದ ಗೆರೆಯಲ್ಲಿ. ಅದರ ಮೇಲೆ ಸಾವಿರಕ್ಕೊಂದು ಮೀಟರ್ ಕೊಸರು ಬೇರೆ. ಆ ಗೆರೆಯಲ್ಲಿ ಓಡುವವರು ಕೀನ್ಯಾದವರು. 2022ರಲ್ಲಿ ಇದೇ ಊರಿನಲ್ಲಿ ನಿಕೊಲಸ್ ಕಿಮೆಲಿ 27 ನಿಮಿಷ 38 ಸೆಕೆಂಡಿನಲ್ಲಿ, ಐರೀನ್ ಚೆಪ್ಟಾಯ್ 30 ನಿಮಿಷ 35 ಸೆಕೆಂಡಿನಲ್ಲಿ ಮುಗಿಸಿದರು. ನಮ್ಮವರು ನೀರಿನ ಮೇಜಿಗೆ ಎಡಕ್ಕೆ, ಫೋಟೊದವನಿಗೆ ಬಲಕ್ಕೆ, ಗುರುತಿನವರು ಕಂಡರೆ ನಡುರಸ್ತೆಗೆ ವಾಲುತ್ತ ಹೋದರೆ ಇನ್ನೂರು ಮೀಟರ್ ಎಲ್ಲಿಂದ ಬಂತೆಂದು ಬೇರೆ ಹೇಳಬೇಕೆ?

ಇವರ ಮೇಲೆ ನಗುವುದು ಸುಲಭ, ಆದರೆ ಹತ್ತು ಕಿಲೋಮೀಟರ್ ಓಡಲು ಎಂಟು ಕಿಲೋಮೀಟರ್ ಕಾರಿನಲ್ಲಿ ಹೋಗಬೇಕಾದ ಊರಿನ ಮೇಲೆ ನಗು ಬರುವುದಿಲ್ಲ. ಫುಟ್‌ಪಾತಿನ ಮೇಲೆ ಸ್ಕೂಟರ್ ಬರುತ್ತದೆ, ಸ್ಕೂಟರ್ ಬರದ ಕಡೆ ಫುಟ್‌ಪಾತೇ ಇಲ್ಲ. ಐದು ಗಂಟೆಯ ಕತ್ತಲಿನಲ್ಲಿ ಗಂಡಸರು ಶೂ ಕಟ್ಟಿ ಹೊರಟರೆ ಆಯಿತು. ಹೆಂಗಸರು ಜೊತೆಗಾರ್ತಿಯ ಫೋನ್ ಬರುವವರೆಗೆ ಬಾಗಿಲ ಒಳಗೇ ಕಾಯಬೇಕು. ರಸ್ತೆಯ ಈ ಭಯ ನಮ್ಮೂರಿಗೆ ಮಾತ್ರವಲ್ಲ. ಮಗನನ್ನು ಕಳೆದುಕೊಂಡ ದುಃಖದಲ್ಲಿ ಇಳಿವಯಸ್ಸಿನಲ್ಲಿ ಓಡಲು ಹಿಡಿದ ಫೌಜಾ ಸಿಂಗ್, 2011ರಲ್ಲಿ ನೂರು ವರ್ಷದವರಾಗಿ ಟೊರಾಂಟೊದಲ್ಲಿ ಪೂರ್ತಿ ಮ್ಯಾರಥಾನ್ ಮುಗಿಸಿದರು. ಜನನ ಪ್ರಮಾಣಪತ್ರವಿಲ್ಲವೆಂದು ಗಿನ್ನೆಸ್‌ನವರು ದಾಖಲೆ ಬರೆದುಕೊಳ್ಳಲಿಲ್ಲ, ಅವರೂ ತಲೆ ಕೆಡಿಸಿಕೊಳ್ಳದೆ ಓಡುತ್ತಲೇ ಹೋದರು. 2025ರ ಜುಲೈನಲ್ಲಿ ಜಲಂಧರದ ಹತ್ತಿರದ ತಮ್ಮ ಊರಿನಲ್ಲಿ ವಾಹನವೊಂದು ಗುದ್ದಿ ಹೋಯಿತು. ಅವರಿಗೆ ಆಗ 114 ಎಂದು ಲೆಕ್ಕ. ಭಾನುವಾರದ ಓಟಗಾರರು ಮಂಡಿ ನೋವಿನ ಮಾತು ಬಿಟ್ಟು ಸುಮ್ಮನಾದದ್ದು ಆ ವಾರ.

ಅಂದ ಹಾಗೆ, ತುಮಕೂರಿಗೆ ತಡವಾಗಿಯೇ ಮುಟ್ಟಿದರು. ಮಗುವಿಗೆ ಆಗಲೇ ಹೆಸರಾಗಿತ್ತು, ಕೋಸಂಬರಿ ಬಡಿಸುತ್ತಿದ್ದರು. ಯಾಕೆ ತಡ ಎಂಬುದನ್ನು ಹೆಂಡತಿ ಪಂಕ್ತಿಯುದ್ದಕ್ಕೂ ಹೇಳಿದಳು. ಪಕ್ಕದ ಎಲೆಗೆ ಕೂತಿದ್ದ ಎಪ್ಪತ್ತನಾಲ್ಕರ ಸೋದರತ್ತೆ ಪೂರ್ತಿ ಕೇಳಿಸಿಕೊಂಡು ವಿಚಾರಣೆಗೆ ಶುರುವಿಟ್ಟರು.

‘ಇಷ್ಟು ಓಡ್ತೀಯಲ್ಲೋ, ಎಷ್ಟನೇ ನಂಬರು ಬರ್ತೀಯ?’

‘ಹಾಗೆಲ್ಲ ನಂಬರು ನೋಡಲ್ಲ ಅತ್ತೆ. ಮುಗಿಸಿದವರಿಗೆಲ್ಲ ಮೆಡಲ್ ಕೊಡ್ತಾರೆ.’

‘ಎಲ್ಲಾರ್ಗೂ?’

‘ಎಲ್ಲರಿಗೂ.’

‘ಬಂದೋರಿಗೆ ದುಡ್ಡು ಅವರೇ ಕೊಡ್ತಾರಾ?’

‘ಇಲ್ಲ, ನಾವೇ ಕಟ್ಟಬೇಕು.’

ಅತ್ತೆ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ಅದು ಇಂಗುವವರೆಗೂ ಮಾತಾಡಲಿಲ್ಲ. ಆಮೇಲೆ, ‘ವಯಸ್ಸಾದೋರಿಗೂ ಉಂಟಾ?’ ಎಂದರು. ಉಂಟು, ವಿಶ್ವ 10ಕೆಯಲ್ಲಿ ಹಿರಿಯ ನಾಗರಿಕರದ್ದೇ ಬೇರೆ ಓಟ ಇಟ್ಟಿದ್ದಾರೆ ಎಂದು ಅವನು ಹುರುಪಿನಿಂದ ಹೇಳಿದ. ‘ಹಂಗಾದ್ರೆ ನಂದೂ ಒಂದು ಹೆಸರು ಬರೆಸು. ಸೀರೇಲೇ ಬರ್ತೀನಿ. ಚಪ್ಪಲಿ ಕಾಯೋರು ಇರ್ತಾರೇನೋ?’

ಕೈ ತೊಳೆದು ಬಂದವನು ಅಲ್ಲೇ ಮೊಬೈಲ್ ತೆಗೆದು ಅತ್ತೆಯ ಹೆಸರು, ವಯಸ್ಸು, ರಕ್ತದ ಗುಂಪು ಒಂದೊಂದಾಗಿ ಬರೆದುಕೊಂಡ. ತುರ್ತು ಸಂಪರ್ಕಕ್ಕೆ ಯಾರದ್ದಾದರೂ ನಂಬರ್ ಬೇಕು, ನನ್ನದೇ ಹಾಕ್ತೀನಿ ಎಂದ.

‘ನಿಂದು ಬೇಡ. ನಾನು ಬಿದ್ದಾಗ ನೀನು ಇನ್ನೂ ಲೆಕ್ಕ ತುಂಬಿಸ್ತಾ ಓಡ್ತಾ ಇರ್ತೀಯ. ನಿನ್ನ ಹೆಂಡತೀದು ಬರಿ.’