ಒತ್ತಿದರೆ ನಿಮಗೇ ನಷ್ಟ, ಸ್ವಾಮಿ

2025ರ ನವೆಂಬರಿನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಮೆಟಾ ಕಂಪನಿಯ ಒಳಕಡತಗಳನ್ನು ಬಯಲಿಗೆಳೆದ ಮೇಲೆ ಜಗತ್ತಿನ ರಿಪೋರ್ಟ್ ಬಟನ್‌ಗಳ ಮಾನ ಬೀದಿಗೆ ಬಿದ್ದಿದೆ. 2024ರ ವರಮಾನದಲ್ಲಿ ಶೇ 10ರಷ್ಟು ಮೋಸದ ಮತ್ತು ನಿಷೇಧಿತ ಸರಕಿನ ಜಾಹೀರಾತುಗಳಿಂದ ಬರುತ್ತದೆಂದು ಕಂಪನಿಯೇ ಲೆಕ್ಕ ಹಾಕಿಕೊಂಡಿತ್ತಂತೆ. ಜಾಹೀರಾತುದಾರ ಮೋಸಗಾರನೆಂದು ಶೇ 95ರಷ್ಟು ಖಾತ್ರಿಯಾದರಷ್ಟೇ ಹೊರಗೆ. ಅನುಮಾನ ಅದಕ್ಕಿಂತ ಕಡಿಮೆಯಿದ್ದರೆ ಅವನಿಂದ ದುಬಾರಿ ದರ ವಸೂಲಿ. ಶೇ 10 ಎಂಬುದು ಒರಟು ಅಂದಾಜು, ಬೇಕಾದ್ದು ಬೇಡದ್ದು ಎಲ್ಲ ಸೇರಿಸಿದ್ದು ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಆ ದೊಡ್ಡ ಮನೆಯ ಬಟನ್‌ಗಳು ಕಾನೂನು ವಿಭಾಗದ ಅನುಮತಿಯಿಲ್ಲದೆ ಬಾಯಿ ಬಿಡುವುದಿಲ್ಲ. ಹಾಗಾಗಿ ಅದೇ ಕುಲದ ಬಡ ಸಂಬಂಧಿಯೊಬ್ಬರನ್ನು ಹಿಡಿಯಬೇಕಾಯಿತು. ಟ್ರಾಫಿಕ್ ಎಕ್ಸ್‌ಚೇಂಜ್ ಒಂದರ ಮೇಲ್ಪಟ್ಟಿಯಲ್ಲಿ, ಟೈಮರಿನ ಪಕ್ಕ, ಇರುವೆ ಗಾತ್ರದ ಅಕ್ಷರದಲ್ಲಿ ವಾಸವಾಗಿರುವ ‘ರಿಪೋರ್ಟ್’ ಇವರು. ನನ್ನ ಸೈಟನ್ನು ನೀನು ನೋಡು, ನಿನ್ನದನ್ನು ನಾನು ನೋಡುತ್ತೇನೆ, ಕೊಳ್ಳುವ ಮಾತನ್ನು ಇಬ್ಬರೂ ಎತ್ತುವುದು ಬೇಡ ಎಂಬ ಆ ವ್ಯವಹಾರ ಓದುಗರಿಗೆ ಗೊತ್ತಿರುವಂಥದ್ದೇ. ಹತ್ತಿಪ್ಪತ್ತು ಸೆಕೆಂಡು ಕಾದು, ಒಂದೇ ಥರದ ಎರಡು ಚಿತ್ರ ಹುಡುಕಿ ಒತ್ತಿ, ತಾನು ಮನುಷ್ಯನೇ ಎಂದು ಸಾಬೀತುಪಡಿಸಿದವನ ಖಾತೆಗೆ ಅರ್ಧವೋ ಒಂದೋ ಕ್ರೆಡಿಟ್ ಬೀಳುತ್ತದೆ. ಆ ಕ್ರೆಡಿಟ್ ಖರ್ಚು ಮಾಡಿದರೆ ಅವನ ಸೈಟನ್ನೂ ಇನ್ನೊಬ್ಬ ಹೀಗೇ ಕಾದು ನೋಡುತ್ತಾನೆ.

ನಿಮ್ಮ ಹತ್ತಿರ ಬರುವ ದೂರುಗಳಲ್ಲಿ ಅತಿ ಗಂಭೀರವಾದದ್ದು ಯಾವುದು?

ಫ್ರೇಮ್ ಬ್ರೇಕರ್ ಸಾರ್, ಫ್ರೇಮ್ ಬ್ರೇಕರ್! ಅದೊಂದು ಬಿಟ್ಟು ಬೇರೆ ಏನಿದ್ರೂ ತಡ್ಕೋತೀನಿ. ನಾವು ಪಾಪ, ಸೈಟನ್ನ ಒಂದು ಚೌಕಟ್ಟಿನೊಳಗೆ ಕೂರಿಸಿ ತೋರಿಸ್ತೀವಿ. ಮೇಲೆ ಪಟ್ಟಿ, ಪಟ್ಟೀಲಿ ಟೈಮರ್, ಪಕ್ಕದಲ್ಲಿ ನಾನು. ಕೆಲವು ಕಿಡಿಗೇಡಿ ಸೈಟುಗಳು ಒಂದೇ ಒಂದು ಸಾಲು ಸ್ಕ್ರಿಪ್ಟ್ ಇಟ್ಕೊಂಡು ಬಂದು ಚೌಕಟ್ಟನ್ನೇ ಒಡೆದು ಇಡೀ ಪರದೆ ಆಕ್ರಮಿಸ್ಕೋತಾವೆ. ಟೈಮರ್ ಹೋಯ್ತು, ಕ್ರೆಡಿಟ್ ಹೋಯ್ತು, ಜೊತೆಗೆ ನಾನೂ ಹೋದೆ. ರಿಪೋರ್ಟ್ ಮಾಡೋಣ ಅಂದ್ರೆ ಅಲ್ಲಿ ರಿಪೋರ್ಟ್ ಬಟನ್ನೇ ಇಲ್ಲ! ಇದಕ್ಕಿಂತ ಘೋರ ಅನ್ಯಾಯ ಇದೆಯಾ ಹೇಳಿ.

ವೈರಸ್ಸು, ಪಾಸ್‌ವರ್ಡ್ ಕದಿಯುವ ಪುಟ, ದುಡ್ಡು ದುಪ್ಪಟ್ಟು ಮಾಡಿಕೊಡುವ ಸೈಟು?

ಹೇಳ್ತೀನಿ, ಹೇಳ್ತೀನಿ. ಮೊದಲು ಈ ಫ್ರೇಮಿನ ವಿಷಯ ಪೂರ್ತಿ ಕೇಳಿಸ್ಕೊಳ್ಳಿ…

ಪೂರ್ತಿ ಕೇಳಿದ್ದಾಯಿತು, ಇಲ್ಲಿ ಅಚ್ಚು ಮಾಡುತ್ತಿಲ್ಲ. ಅಷ್ಟರಲ್ಲಿ ಒಂದು ಸಂಗತಿ ಗಮನಿಸಬೇಕು. ಬ್ಯಾಂಕುಗಳಂಥ ಮರ್ಯಾದಸ್ಥ ಸೈಟುಗಳೇ ತಮ್ಮ ಪುಟವನ್ನು ಪರರ ಚೌಕಟ್ಟಿನಲ್ಲಿ ತೆರೆಯಗೊಡುವುದಿಲ್ಲ. ಕಳ್ಳರು ಅಂಥ ಪುಟವನ್ನು ಪಾರದರ್ಶಕ ಪದರವಾಗಿ ಹಾಸಿ, ಬಳಕೆದಾರ ಒತ್ತಿದ್ದೊಂದು ಒತ್ತಿಸಿದ್ದೊಂದು ಆಗುವಂತೆ ಮಾಡುತ್ತಾರೆಂಬ ಭಯ ಅವಕ್ಕಿದೆ. ಎಂದಮೇಲೆ ಎಕ್ಸ್‌ಚೇಂಜಿನ ದಂಡಸಂಹಿತೆಯಲ್ಲಿ ಮಹಾಪರಾಧವೆನಿಸಿದ್ದು ಹೊರಗಿನ ಪ್ರಪಂಚದಲ್ಲಿ ಕೆಲವೊಮ್ಮೆ ಆತ್ಮರಕ್ಷಣೆ. ಬಟನ್ ಮಹಾಶಯರು ಅದಕ್ಕೇ ಯಾಕೆ ಅಷ್ಟು ಉರಿದುಬೀಳುತ್ತಾರೆ? ಫ್ರೇಮ್ ಒಡೆದರೆ ನಷ್ಟ ಎಕ್ಸ್‌ಚೇಂಜಿನದು: ನೋಡುಗ ಕೈತಪ್ಪುತ್ತಾನೆ, ಅವನಿಗೆ ತೋರಿಸಬೇಕಿದ್ದ ಮುಂದಿನ ಸೈಟು ಹಾಗೇ ಉಳಿಯುತ್ತದೆ. ವೈರಸ್ ಹೊಕ್ಕರೆ ನಷ್ಟ ನೋಡುಗನದು. ನನ್ನ ವಾದ ಇಷ್ಟೇ: ದೂರಿನ ಬಟನ್ ಯಾರ ಅಂಗಡಿಯಲ್ಲಿ ಕೂತಿದೆಯೋ ಅವರ ನೋವಷ್ಟೇ ಅದಕ್ಕೆ ನೋವು.

ಇದನ್ನು ಗಾಳಿಮಾತು ಎನ್ನಬೇಡಿ. ಒಂಬತ್ತು ಟ್ರಾಫಿಕ್ ಎಕ್ಸ್‌ಚೇಂಜ್‌ಗಳನ್ನು ಜಾಲಾಡಿದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಅಲ್ಲಿ ಸುತ್ತುತ್ತಿದ್ದ ಲಿಂಕುಗಳಲ್ಲಿ ಶೇ 26ಕ್ಕೂ ಹೆಚ್ಚು ಹಾನಿಕಾರಕ. ನಾಲ್ಕು ಪುಟ ತೆರೆದರೆ ಒಂದರಲ್ಲಿ ವಿಷ. ಆ ಎಲ್ಲ ಪುಟಗಳ ನೆತ್ತಿಯ ಮೇಲೂ ಇಂಥದೊಂದು ರಿಪೋರ್ಟ್ ಬಟನ್ ಇದ್ದೇ ಇರಬೇಕಲ್ಲ? ‘ಅಲ್ಲಿ ಯಾರು ಸೈಟು ನೋಡುತ್ತಾರೆ, ಎಲ್ಲರ ಕಣ್ಣೂ ಟೈಮರಿನ ಮೇಲೆ’ ಎಂದು ನಕ್ಕುಬಿಡುವವರಿದ್ದಾರೆ. ಕಣ್ಣು ಟೈಮರಿನ ಮೇಲಿರಬಹುದು. ಬ್ರೌಸರ್ ಮಾತ್ರ ಪುಟದ ಪ್ರತಿ ಸಾಲನ್ನೂ ಚಾಚೂತಪ್ಪದೆ ಓದಿ ನಡೆಸುತ್ತಿರುತ್ತದೆ. ಯಜಮಾನ ಆಕಳಿಸುತ್ತ ಕೂತಿದ್ದಾನೆಂದು ಸ್ಕ್ರಿಪ್ಟ್ ಕೆಲಸ ನಿಲ್ಲಿಸುವುದಿಲ್ಲ.

ಇರಲಿ. ದೂರು ಕೊಟ್ಟವರಿಗೆ ನೀವು ಒಂದು ನಂಬರ್ ಕೊಡುತ್ತೀರಾ?

ನಂಬರಾ? ‘ಥ್ಯಾಂಕ್ ಯೂ’ ಅಂತ ಹೇಳ್ತೀನಲ್ಲ.

ಓದುಗರು ಕ್ಷಮಿಸಬೇಕು, ಎಲ್ಲದಕ್ಕೂ ಸರ್ಕಾರಿ ಕಚೇರಿಯ ಹೋಲಿಕೆ ತರುವುದು ಈ ಅಂಕಣದ ಹಳೇ ಚಾಳಿ. ಕರ್ನಾಟಕದ ಸಕಾಲ ಕಾಯ್ದೆ ಬಂದದ್ದು 2011ರಲ್ಲಿ. ಜಾತಿ ಪ್ರಮಾಣಪತ್ರಕ್ಕೋ ಖಾತೆ ಬದಲಾವಣೆಗೋ ಅರ್ಜಿ ಕೊಟ್ಟರೆ 15 ಅಂಕಿಯ ಜಿಎಸ್‌ಸಿ ನಂಬರ್ ಕೊಡಬೇಕು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ, ಅರ್ಜಿದಾರನಿಗೆ ಪರಿಹಾರ ಸಲ್ಲಬೇಕು. ಕಾಯ್ದೆ ಜಾರಿಯಲ್ಲಿ ಎಷ್ಟು ತೂತುಗಳಿವೆಯೆಂದು ತಾಲ್ಲೂಕು ಕಚೇರಿ ಹತ್ತಿ ಇಳಿದವರಿಗೆ ಗೊತ್ತು. ಆದರೂ ಕಡತಕ್ಕೆ ಹೆಸರಿದೆ, ತಾರೀಖಿದೆ, ತಡಮಾಡಿದವನ ಜೇಬಿಗೆ ಸಣ್ಣದೊಂದು ಕತ್ತರಿಯಿದೆ. ಸೋಷಿಯಲ್ ಮೀಡಿಯಾದಂಥ ಮಧ್ಯವರ್ತಿಗಳಿಗೂ 2021ರ ಐಟಿ ನಿಯಮಗಳು 24 ಗಂಟೆಯೊಳಗೆ ದೂರಿನ ಸ್ವೀಕೃತಿ, ಗೊತ್ತಾದ ಗಡುವಿನೊಳಗೆ ವಿಲೇವಾರಿ ಎಂದು ಹೇಳುತ್ತವೆ. ಈ ಬಟನ್ ಕೊಡುವ ‘ಥ್ಯಾಂಕ್ ಯೂ’ಗೆ ನಂಬರೂ ಇಲ್ಲ, ತಾರೀಖೂ ಇಲ್ಲ.

ಜನ ನಿಮ್ಮನ್ನು ಹೆಚ್ಚು ಒತ್ತುವುದಿಲ್ಲ ಎಂಬ ಮಾತಿದೆ.

ಒತ್ತಿದ್ರೆ ಅವರಿಗೇ ನಷ್ಟ, ಸ್ವಾಮಿ. ನನ್ನ ಒತ್ತಿದ ಕೂಡಲೇ ಪಟ್ಟಿ ಇಳಿಯುತ್ತೆ: ಫ್ರೇಮ್ ಬ್ರೇಕರ್ರಾ, ಪಾಪ್‌ಅಪ್ಪಾ, ಪುಟ ತೆರೀತಿಲ್ವಾ, ವೈರಸ್ಸಾ, ಇತರೇನಾ. ಅದನ್ನ ತುಂಬೋ ಹೊತ್ತಿಗೆ ಟೈಮರ್ ಮುಗಿದು ಎರಡು ಕ್ರೆಡಿಟ್ ಕೈಬಿಟ್ಟಿರುತ್ತೆ. ಅಷ್ಟೆಲ್ಲಾ ಮಾಡಿ ಕಳಿಸ್ತಾರೆ ಅನ್ಕೊಳ್ಳಿ. ಅವರು ನೋಡಿದ ಲಿಂಕ್ ರೋಟೇಟರ್ ಆಗಿರುತ್ತೆ, ಒಂದೇ ವಿಳಾಸದ ಹಿಂದೆ ಹತ್ತಾರು ಪುಟ, ಸರದಿ ಮೇಲೆ ಒಂದೊಂದು. ಇವರಿಗೆ ಕಂಡಿದ್ದು ‘ನಿಮ್ಮ ಕಂಪ್ಯೂಟರಿಗೆ ಸೋಂಕು ತಗುಲಿದೆ, ಈ ನಂಬರಿಗೆ ಫೋನ್ ಮಾಡಿ’ ಅಂತ ಕಿರುಚೋ ಕೆಂಪು ಪುಟ. ನಮ್ಮೋರು ಪರಿಶೀಲನೆಗೆ ಅಂತ ತೆರೆದಾಗ ತೂಕ ಇಳಿಸೋ ಚಹಾಪುಡಿ. ‘ಲಿಂಕ್ ಸರಿಯಾಗಿದೆ’ ಅಂತ ಷರಾ ಬರೆದು ಫೈಲ್ ಮುಚ್ತಾರೆ.

ಬ್ಯಾನರ್‌ಗಳ ಕತೆ?

ಅದು ಬೇರೆ ಡಿಪಾರ್ಟ್‌ಮೆಂಟು.

ಬೇರೆ ಡಿಪಾರ್ಟ್‌ಮೆಂಟು ಎಷ್ಟೋ ಕಡೆ ಇಲ್ಲವೇ ಇಲ್ಲ. ಹಾಟ್‌ವೈರ್ಡ್ ಎಂಬ ವೆಬ್ ಪತ್ರಿಕೆ 1994ರ ಅಕ್ಟೋಬರಿನಲ್ಲಿ ಮೊದಲ ಬ್ಯಾನರ್‌ಗಳನ್ನು ಹಾಕಿದಂದಿನಿಂದ 468 ಪಿಕ್ಸೆಲ್ ಅಗಲ, 60 ಎತ್ತರದ ಆ ಪಟ್ಟಿಯಲ್ಲಿ ದೂರಿಗೆಂದು ಮೂಲೆ ಬಿಟ್ಟವರು ಕಡಿಮೆ. ಒಪ್ಪಿಗೆಗೆ ಬರುವುದು ಚಿತ್ರ; ಒತ್ತಿದರೆ ಅದು ಎಲ್ಲಿಗೆ ಒಯ್ಯುತ್ತದೆಂಬುದನ್ನು ಮಾರನೆಯ ದಿನ ಬದಲಿಸಬಹುದು, ಚಿತ್ರದ ಒಂದು ಬಣ್ಣವೂ ಕದಲುವುದಿಲ್ಲ.

ಎಕ್ಸ್‌ಚೇಂಜಿನವರ ಪರವಾಗಿಯೂ ಒಂದು ಮಾತಿದೆ, ಅದು ತೂಕದ್ದೇ. ದೂರು ಬಂದ ತಕ್ಷಣ ಸೈಟು ತೆಗೆದರೆ ಎದುರಾಳಿಗಳು ಒಬ್ಬರ ಮೇಲೊಬ್ಬರು ಸುಳ್ಳು ದೂರಿನ ಮಳೆ ಸುರಿಸುತ್ತಾರೆ. ನಿಜ. ಹಾಗೆಂದೇ ದೂರಿಗೆ ನಂಬರ್ ಬೇಕು ಎನ್ನುವುದು. ಯಾರ ಎಷ್ಟು ದೂರು ನಿಜವಾಯಿತು, ಎಷ್ಟು ಹುಸಿಯಾಯಿತು ಎಂಬ ಲೆಕ್ಕ ಸಿಗುವುದು ಅದರಿಂದಲೇ; ಹುಸಿ ದೂರಿನವನನ್ನು ಹಿಡಿಯುವುದೂ ಸುಲಭ. ಪರಿಶೀಲಿಸುವವರು ಲಿಂಕನ್ನು ಒಂದೇ ಸಲವಲ್ಲ, ಹತ್ತಾರು ಸಲ ತೆರೆದು ನೋಡಿದರೆ ಚಹಾಪುಡಿ ನಾಟಕವೂ ಬಹುಪಾಲು ಅಲ್ಲಿಗೆ ಮುಗಿಯುತ್ತದೆ. ಟೈಮರನ್ನು ಸೆಕೆಂಡಿಗೆ ಸರಿಯಾಗಿ ಓಡಿಸಬಲ್ಲವರಿಗೆ, ಎರಡು ಬೆಕ್ಕಿನ ಚಿತ್ರ ತೋರಿಸಿ ಮನುಷ್ಯರನ್ನು ಪತ್ತೆ ಹಚ್ಚಬಲ್ಲವರಿಗೆ ಇಷ್ಟು ಮಾಡಲು ತಂತ್ರಜ್ಞಾನದ ಕೊರತೆ ಇತ್ತೆಂದರೆ ನಂಬುವುದು ಕಷ್ಟ.

ಟ್ರಾಫಿಕ್ ಮಾನ್ಸೂನ್ ಬಗ್ಗೆ ಏನು ಹೇಳುತ್ತೀರಿ?

ಅವರ ಫ್ರೇಮ್ ಮಾತ್ರ ತುಂಬಾ ಗಟ್ಟಿ ಸಾರ್.

ಇನ್ನು ತಮಾಷೆ ಸಾಕು. ಅಮೆರಿಕದ ಯೂಟಾ ರಾಜ್ಯದ ಆ ಎಕ್ಸ್‌ಚೇಂಜ್ 50 ಡಾಲರಿಗೆ ‘ಆಡ್‌ಪ್ಯಾಕ್’ ಮಾರುತ್ತಿತ್ತು: ಇಷ್ಟು ಭೇಟಿ, ಇಷ್ಟು ಬ್ಯಾನರ್ ಕ್ಲಿಕ್, ಜೊತೆಗೆ ದಿನವೂ ಜಾಹೀರಾತು ಕ್ಲಿಕ್ಕಿಸುತ್ತಿದ್ದರೆ 55 ಡಾಲರ್ ತುಂಬುವವರೆಗೆ ಆದಾಯದ ಪಾಲು. ಹಳಬರಿಗೆ ಕೊಟ್ಟದ್ದು ಹೊಸಬರ ದುಡ್ಡು ಎಂದು ಅಲ್ಲಿನ ಷೇರು ನಿಯಂತ್ರಕ ಎಸ್‌ಇಸಿ 2016ರ ಜುಲೈನಲ್ಲಿ ಕೋರ್ಟಿಗೆ ಹೋಯಿತು. ಅದರ ಲೆಕ್ಕದಲ್ಲಿ 20.7 ಕೋಟಿ ಡಾಲರ್, 1,62,000ಕ್ಕೂ ಹೆಚ್ಚು ಜನ, ಅವರಲ್ಲಿ ಶೇ 90ರಷ್ಟು ಅಮೆರಿಕದ ಹೊರಗಿನವರು. ಆರೇಳು ತಿಂಗಳಲ್ಲೇ ನಮ್ಮ ಸರದಿ. 2017ರ ಫೆಬ್ರುವರಿಯಲ್ಲಿ ನೊಯ್ಡಾದ ‘ಸೋಷಿಯಲ್ ಟ್ರೇಡ್’ ಮೇಲೆ ಉತ್ತರ ಪ್ರದೇಶ ಪೊಲೀಸರು ದಾಳಿ ಮಾಡಿದರು. 57,500 ರೂಪಾಯಿವರೆಗೆ ಕಟ್ಟಿಸಿಕೊಂಡು, ಕ್ಲಿಕ್ಕಿಗೆ 5 ರೂಪಾಯಿ ಕೊಡುತ್ತೇವೆಂದು ಲಕ್ಷಾಂತರ ಜನರಿಂದ ಸುಮಾರು 3,700 ಕೋಟಿ ರೂಪಾಯಿ ಎತ್ತಿದ ಆರೋಪ. ಆಸೆಬುರುಕರು, ಹೋಗಲಿ ಬಿಡಿ ಎನ್ನುವುದು ಬಲ್ಲವರ ತೀರ್ಪು. ಕೆಲಸ ಮಾಡಿದರೆ ಕೂಲಿ ಎಂದು ನಂಬುವುದು ಯಾವಾಗಿನಿಂದ ಆಸೆಬುರುಕತನವಾಯಿತು? ಅವರು ದುಡಿಯಲು ಬಂದಿದ್ದರು. ಒಂದೊಂದಾಗಿ ಲಿಂಕ್ ಒತ್ತುತ್ತ ಗಂಟೆಗಟ್ಟಲೆ ಕೂತಿದ್ದರು, ಅದಕ್ಕೂ ಮೊದಲು ಕೈಯಿಂದ ದುಡ್ಡು ಕಟ್ಟಿದ್ದರು. ರಿಪೋರ್ಟ್ ಬಟನ್ನಿನ ಪಟ್ಟಿಯಲ್ಲಿ ಪಾಪ್‌ಅಪ್ ಬಗ್ಗೆ ದೂರಲು ಜಾಗ ಇರಬಹುದು. ‘ಈ ಎಕ್ಸ್‌ಚೇಂಜೇ ಮೋಸ’ ಎಂದು ಬರೆಯಲು ಯಾವ ಮಾಲೀಕನೂ ಜಾಗ ಇಡುವುದಿಲ್ಲ. ಕದ್ದವನ ಮನೆಬಾಗಿಲಿಗೇ ದೂರುಪೆಟ್ಟಿಗೆ ನೇತುಹಾಕಿ, ಯಾರೂ ದೂರಲಿಲ್ಲ ನೋಡಿ ಎನ್ನುವ ಈ ಭಂಡತನಕ್ಕೆ ಸಿಟ್ಟು ಬಾರದಿದ್ದರೆ ಇನ್ಯಾವುದಕ್ಕೆ ಬರಬೇಕು?

ನಿಜವೆಂದು ಸಾಬೀತಾದ ಪ್ರತಿ ದೂರಿಗೂ ಕ್ರೆಡಿಟ್ ಕೊಡಿ, ವಿಚಾರಣೆ ಮುಗಿಯುವ ತನಕ ಆ ಸೈಟಿನವನ ಕ್ರೆಡಿಟ್ ತಡೆಹಿಡಿಯಿರಿ. ತಡವಾದರೆ ದಿನಕ್ಕೆ 20 ರೂಪಾಯಿ…

ಮತ್ತೆ ಬಂತು ನೋಡಿ ನಿಮ್ಮ ಇಪ್ಪತ್ತು ರೂಪಾಯಿ! ಇದನ್ನೆಲ್ಲ ನನಗೆ ಹೇಳಿ ಏನು ಪ್ರಯೋಜನ? ‘ಇತರೆ’ ಅಂತ ಇದೆಯಲ್ಲ, ಅಲ್ಲಿ ಬರೆದು ಕಳಿಸಿ. ಇನ್ನೂರು ಅಕ್ಷರದೊಳಗೆ ಇರಲಿ. ಮತ್ತೆ ಕನ್ನಡದಲ್ಲಿ ಬರೆದೀರಾ ಜೋಕೆ, ಅಲ್ಲಿ ಕನ್ನಡ ಅಕ್ಷರವೆಲ್ಲ ಬರೀ ಚೌಕ ಚೌಕವಾಗಿ ಕಾಣುತ್ತೆ.